ಹುಲ್ಲು ಹಾಸಿ ಊರು ಕಟ್ಟಿದವರು

ದ್ವೀಪ ಎಂದರೇನು? ‘ಸುತ್ತಲೂ ನೀರಿನಿಂದ ಆವೃತವಾದ ಭೂಭಾಗ’ ಎಂದು ಶಾಲೆಯ ಮಕ್ಕಳು ಥಟ್ಟನೆ ಉತ್ತರ ಹೇಳುತ್ತಾರೆ. ಉತ್ತರ ಸರಿಯೇ. ಆದರೆ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಈ ಉತ್ತರಕ್ಕೆ ಸಿಕ್ಕದ ಕೆಲವು ದ್ವೀಪಗಳಿವೆ. ಅಲ್ಲಿ ಸುತ್ತಲೂ ನೀರು, ಕೆಳಗೂ ನೀರು. ಭೂಭಾಗ ಮಾತ್ರ ಹುಡುಕಿದರೂ ಸಿಗುವುದಿಲ್ಲ! ಆದರೂ ಅಲ್ಲಿ ಮನೆಗಳಿವೆ, ಒಲೆಗಳಿವೆ, ಶಾಲೆಯಿದೆ. ಬಟ್ಟೆಗೆ ಬಣ್ಣದ ಕಸೂತಿ ಹಾಕುವ ಅಜ್ಜಿಯರಿದ್ದಾರೆ, ಅವರ ಸುತ್ತ ಓಡಾಡುವ ಮೊಮ್ಮಕ್ಕಳಿದ್ದಾರೆ. ಕಾಲಿಟ್ಟರೆ ನೆಲ ಹತ್ತಿಯ ಹಾಸಿಗೆಯ ಹಾಗೆ ಮೆತ್ತಗೆ ತಗ್ಗಿ ಮತ್ತೆ ಮೇಲೇಳುತ್ತದೆ. ಏಕೆಂದರೆ ಆ ನೆಲ ಪೂರ್ತಿ ಹುಲ್ಲಿನದು. ಅದನ್ನು ಮಾಡಿದವರು ಅಲ್ಲೇ ವಾಸಿಸುವ ಜನ. ಅವರನ್ನು ಉರೋಸ್ ಎಂದು ಕರೆಯುತ್ತಾರೆ.

ಎರಡು ಮುಳ್ಳಯ್ಯನಗಿರಿಯಷ್ಟು ಎತ್ತರದಲ್ಲಿ

ಈ ಹುಲ್ಲಿನ ದ್ವೀಪಗಳು ತೇಲುತ್ತಿರುವುದು ಟಿಟಿಕಾಕಾ ಎಂಬ ಸರೋವರದಲ್ಲಿ. ಪೆರು ಮತ್ತು ಬೊಲಿವಿಯಾ ದೇಶಗಳ ಗಡಿ ಈ ಸರೋವರದ ನಡುವೆಯೇ ಹಾದುಹೋಗುತ್ತದೆ. ಸುಮಾರು 8,300 ಚದರ ಕಿಲೋಮೀಟರ್ ವಿಸ್ತಾರ, ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆ ಇಡೀ ನೀರಾದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟು.

ಅದಕ್ಕಿಂತ ಅಚ್ಚರಿ ಅದರ ಎತ್ತರ. ಆಂಡೀಸ್ ಪರ್ವತಗಳ ನಡುವೆ, ಸಮುದ್ರ ಮಟ್ಟದಿಂದ ಸುಮಾರು 3,810 ಮೀಟರ್ ಮೇಲೆ ಈ ನೀರು ನಿಂತಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೆ ಆಗುವಷ್ಟು ಎತ್ತರ! ಅಷ್ಟು ಮೇಲೆ ಗಾಳಿ ತೆಳು. ಹೊಸದಾಗಿ ಹೋದವರಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು. ಹಗಲು ಚುರುಗುಟ್ಟುವ ಬಿಸಿಲು, ರಾತ್ರಿ ಮೈ ಕೊರೆಯುವ ಚಳಿ. ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುವುದರಿಂದ ಕಾಳು ಬೇಯಲು ನಮ್ಮಲ್ಲಿಗಿಂತ ಹೆಚ್ಚು ಹೊತ್ತು ಬೇಕು.

ಪೆರುವಿನ ಕಡೆಯ ದಡದಲ್ಲಿ ಪುನೋ ಎಂಬ ಪಟ್ಟಣವಿದೆ. ಅಲ್ಲಿಂದ ಯಂತ್ರದ ದೋಣಿಯಲ್ಲಿ ಸ್ವಲ್ಪ ದೂರ ಹೋದರೆ, ಆಳೆತ್ತರದ ಹಸಿರು ಜೊಂಡಿನ ನಡುವೆ ಹೊಂಬಣ್ಣದ ಚಾಪೆಗಳನ್ನು ಹರಡಿದ ಹಾಗೆ ಕಾಣುವುದೇ ಉರೋಸ್ ದ್ವೀಪಗಳು. ಅಂಥವು ಅರವತ್ತಕ್ಕೂ ಹೆಚ್ಚು ಇವೆ. ಒಂದೊಂದರಲ್ಲಿ ಮೂರರಿಂದ ಹತ್ತು ಕುಟುಂಬ. ಒಟ್ಟು ಸಾವಿರಕ್ಕೂ ಹೆಚ್ಚು ಜನ.

ಗಟ್ಟಿ ನೆಲವಿರುವಾಗ ನೀರಿನ ಮೇಲೆ ಏಕೆ ಹೋದರು? ಇಂಕಾ ಅರಸರು ದಂಡೆತ್ತಿ ಬಂದಾಗ ತಮ್ಮ ಹಿರಿಯರು ತಪ್ಪಿಸಿಕೊಂಡು ಜೊಂಡಿನೊಳಗೆ ಸೇರಿಕೊಂಡರು ಎಂದು ಅವರು ಹೇಳುತ್ತಾರೆ. ಯುದ್ಧ ಬಂದರೆ ಊರನ್ನೇ ಬಿಚ್ಚಿಕೊಂಡು ಬೇರೆ ಕಡೆಗೆ ತೇಲಿಹೋಗಬಹುದಲ್ಲ! ಮೊದಲು ಈ ದ್ವೀಪಗಳು ದಡದಿಂದ ಬಹಳ ದೂರ, ಸರೋವರದ ಒಳಗಿದ್ದವು. 1986ರಲ್ಲಿ ದೊಡ್ಡ ಬಿರುಗಾಳಿ ಬೀಸಿ ದ್ವೀಪಗಳು ಹಾಳಾದ ಮೇಲೆ ಅನೇಕರು ಪುನೋಗೆ ಹತ್ತಿರ ಬಂದು ಹೊಸದಾಗಿ ಕಟ್ಟಿಕೊಂಡರು.

ದ್ವೀಪ ಕಟ್ಟುವುದು ಹೀಗೆ

ಎಲ್ಲಕ್ಕೂ ಮೂಲ ಒಂದು ಗಿಡ. ಅದರ ಹೆಸರು ತೊತೊರಾ. ನಮ್ಮ ಕೆರೆಗಳ ಅಂಚಿನಲ್ಲಿ ಬೆಳೆಯುವ ಜೊಂಡಿನ ದೊಡ್ಡ ಬಂಧು ಎನ್ನಬಹುದು. ಅದರ ಕಾಂಡದ ಒಳಗೆ ಸ್ಪಂಜಿನಂತೆ ಸಣ್ಣ ಸಣ್ಣ ಗಾಳಿಗೂಡುಗಳಿವೆ. ಕೆಸರಿನಲ್ಲಿ ಹೂತ ಬೇರಿಗೂ ಉಸಿರು ಬೇಕಲ್ಲ? ಮೇಲಿನ ಗಾಳಿ ಈ ಗೂಡುಗಳ ಮೂಲಕವೇ ಬೇರಿಗೆ ಇಳಿಯುತ್ತದೆ. ಗಿಡ ತನ್ನ ಉಸಿರಿಗಾಗಿ ಮಾಡಿಕೊಂಡ ಈ ಏರ್ಪಾಡೇ ಮನುಷ್ಯರನ್ನು ತೇಲಿಸುತ್ತಿದೆ.

ಮೊದಲ ಕೆಲಸ, ಬೇರು ಹುಡುಕುವುದು. ತೊತೊರಾದ ಬೇರುಗಳು ಮಣ್ಣಿನೊಂದಿಗೆ ಹೆಣೆದುಕೊಂಡು ದಪ್ಪ ಹೆಂಟೆಯಂತಾಗುತ್ತವೆ. ಇದನ್ನು ಅವರು ‘ಖಿಲಿ’ ಎನ್ನುತ್ತಾರೆ. ಹಳೆಯ ಬೇರು ಕೊಳೆಯುವಾಗ ಹುಟ್ಟುವ ಅನಿಲ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಇಂಥ ಹೆಂಟೆಗಳು ತಳ ಬಿಟ್ಟು ಮೇಲೆ ತೇಲುತ್ತವೆ. ಉರೋಸ್ ಜನ ಕಾಯುವುದು ಇದಕ್ಕೇ. ಉದ್ದನೆಯ ಗರಗಸದಿಂದ ಖಿಲಿಯನ್ನು ಚೌಕ ಚೌಕವಾಗಿ ಕೊಯ್ದು, ದೋಣಿಗೆ ಕಟ್ಟಿ ಎಳೆದು ತರುತ್ತಾರೆ.

ಎರಡನೆಯ ಕೆಲಸ, ಜೋಡಿಸುವುದು. ಪ್ರತಿ ಹೆಂಟೆಗೂ ನೀಲಗಿರಿ ಮರದ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಹಗ್ಗ ಬಿಗಿಯುತ್ತಾರೆ. ಮೊದಲು ಹುಲ್ಲಿನ ಹಗ್ಗವಿತ್ತು, ಈಗ ನೈಲಾನ್ ಹಗ್ಗ. ಕೆಲವು ತಿಂಗಳು ಕಳೆದರೆ ಬೇರುಗಳು ಒಂದರೊಳಗೊಂದು ಸೇರಿಕೊಂಡು, ಬಿಡಿ ಹೆಂಟೆಗಳೆಲ್ಲ ಒಂದೇ ತಳಪಾಯವಾಗುತ್ತವೆ.

ಮೂರನೆಯದು, ಹುಲ್ಲು ಹಾಸುವುದು. ಕೊಯ್ದ ತೊತೊರಾವನ್ನು ಒಂದು ಪದರ ಉದ್ದಕ್ಕೆ, ಅದರ ಮೇಲೆ ಇನ್ನೊಂದು ಪದರ ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ ಹಾಸುತ್ತ ಹೋಗುತ್ತಾರೆ. ಹೀಗೆ ಅಡ್ಡ-ಉದ್ದ ಹಾಸಿದ್ದರಿಂದ ಭಾರ ಒಂದೇ ಕಡೆ ಬೀಳದೆ ಹರಡಿಕೊಳ್ಳುತ್ತದೆ. ಕಾಲು ಹೂತುಹೋಗುವುದಿಲ್ಲ.

ನಾಲ್ಕನೆಯದು, ಕಟ್ಟಿ ನಿಲ್ಲಿಸುವುದು. ಹಾಗೇ ಬಿಟ್ಟರೆ ರಾತ್ರಿ ಪೆರುವಿನಲ್ಲಿ ಮಲಗಿದವರು ಬೆಳಿಗ್ಗೆ ಬೊಲಿವಿಯಾದಲ್ಲಿ ಏಳಬೇಕಾಗುತ್ತದೆ ಎಂದು ಅಲ್ಲಿಯವರು ತಮಾಷೆ ಮಾಡುತ್ತಾರೆ! ಅದಕ್ಕಾಗಿ ಸರೋವರದ ತಳಕ್ಕೆ ಉದ್ದನೆಯ ಕಂಬಗಳನ್ನು ಹುಗಿದು, ದ್ವೀಪವನ್ನು ಹಗ್ಗದಿಂದ ಲಂಗರು ಹಾಕುತ್ತಾರೆ. ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ನೀರು ಏರಿದರೆ ದ್ವೀಪವೂ ಏರಬೇಕು, ಇಳಿದರೆ ಇಳಿಯಬೇಕು.

ಮುಗಿಯದ ಕೆಲಸ

ಅಂತೂ ದ್ವೀಪ ಕಟ್ಟಿ ಮುಗಿಯಿತು ಎಂದುಕೊಂಡಿರಾ? ಮುಗಿಯುವುದಿಲ್ಲ. ನೀರಿಗೆ ತಾಗಿದ ಕೆಳಗಿನ ಹುಲ್ಲು ದಿನದಿನವೂ ಕೊಳೆಯುತ್ತದೆ. ಮೇಲಿನ ಹುಲ್ಲು ಕಾಲ್ತುಳಿತಕ್ಕೆ ಸವೆಯುತ್ತದೆ. ಅದಕ್ಕೇ ಮೇಲಿನಿಂದ ಹೊಸ ಹುಲ್ಲು ಹಾಕುತ್ತಲೇ ಇರಬೇಕು. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ, ಬಿಸಿಲು ಕಾಲದಲ್ಲಿ ಇನ್ನೂ ಸ್ವಲ್ಪ ತಡವಾಗಿ. ಮನೆಗಳನ್ನೂ ಆಗಾಗ ಎಲ್ಲರೂ ಸೇರಿ ಎತ್ತಿ ಪಕ್ಕಕ್ಕಿಟ್ಟು, ಕೆಳಗೆ ಹುಲ್ಲು ತುಂಬಿ, ಮತ್ತೆ ಅಲ್ಲೇ ಇಡುತ್ತಾರೆ. ಮನೆಯೂ ಹುಲ್ಲಿನ ಚಾಪೆಯದ್ದೇ ಆದ್ದರಿಂದ ಹಗುರ. ಹೀಗೆ ನೋಡಿಕೊಂಡರೆ ಒಂದು ದ್ವೀಪ ಸುಮಾರು 30 ವರ್ಷ ಬಾಳುತ್ತದೆ. ಆಮೇಲೆ ತಳದ ಖಿಲಿಯೇ ದುರ್ಬಲವಾಗುತ್ತದೆ. ಆಗ ಹೊಸ ದ್ವೀಪ.

ನಮ್ಮ ಅಜ್ಜ-ಅಜ್ಜಿಯರಿಗೆ ಇದು ತೀರಾ ಹೊಸ ಸಂಗತಿ ಅನ್ನಿಸಲಾರದು. ಹುಲ್ಲಿನ ಅಥವಾ ಸೋಗೆಯ ಮಾಡಿದ್ದ ಮನೆಯಲ್ಲಿ ಬೆಳೆದವರಿಗೆ, ಮಳೆಗಾಲಕ್ಕೆ ಮುಂಚೆ ಮಾಡು ಹೊದಿಸುವ ಗಡಿಬಿಡಿ ನೆನಪಿರುತ್ತದೆ. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಎಂದು ಮುಯ್ಯಾಳುಗಳಾಗಿ ಎಲ್ಲರೂ ಸೇರುತ್ತಿದ್ದರು. ಉರೋಸ್ ಜನರದ್ದೂ ಅಂಥದ್ದೇ ಕೆಲಸ. ಒಂದೇ ವ್ಯತ್ಯಾಸ: ಮಾಡು ಹೊದಿಸದಿದ್ದರೆ ಮನೆ ಸೋರುತ್ತದೆ, ನೆಲ ಹಾಸದಿದ್ದರೆ ಊರೇ ಮುಳುಗುತ್ತದೆ.

ಹಾಗಾಗಿ ಅಲ್ಲಿ ಒಬ್ಬರೇ ಬದುಕುವುದು ಕಷ್ಟ. ಒಂದು ದ್ವೀಪದವರೆಲ್ಲ ಸೇರಿ ಒಬ್ಬರನ್ನು ಮುಖ್ಯಸ್ಥರನ್ನಾಗಿ ಆರಿಸಿಕೊಳ್ಳುತ್ತಾರೆ. ಹುಲ್ಲು ಕೊಯ್ಯುವವರು ಯಾರು, ಹಾಸುವವರು ಯಾರು ಎಂಬುದನ್ನು ಮಾತಾಡಿ ಹಂಚಿಕೊಳ್ಳುತ್ತಾರೆ. ಜಗಳವೇ ಆಗುವುದಿಲ್ಲವೇ? ಆಗುತ್ತದೆ. ಕೂತು ಮಾತಾಡಿದರೂ ಬಗೆಹರಿಯದಿದ್ದರೆ ಗರಗಸ ತರುತ್ತಾರೆ! ದ್ವೀಪವನ್ನು ಅಡ್ಡ ಕೊಯ್ದು, ಅವರ ಪಾಲು ಅವರಿಗೆ, ಇವರ ಪಾಲು ಇವರಿಗೆ. ಮನೆ ಪಾಲಾಗುವುದನ್ನು ನಾವು ಕಂಡಿದ್ದೇವೆ. ನೆಲವೇ ತೇಲಿ ಬೇರೆಯಾಗುವುದು ಇಲ್ಲಿ ಮಾತ್ರ.

ಹುಲ್ಲಿನ ಮೇಲೆ ಒಲೆ!

ಒಣಹುಲ್ಲಿನ ಮೇಲೆ ಹುಲ್ಲಿನ ಮನೆ. ಅಲ್ಲಿ ಬೆಂಕಿ ಹಚ್ಚುವುದು ಹೇಗೆ? ಮೊದಲು ಚಪ್ಪಟೆ ಕಲ್ಲುಗಳನ್ನು ಹಾಸಿ, ಅದರ ಮೇಲೆ ಮಣ್ಣಿನ ಒಲೆ ಇಡುತ್ತಾರೆ. ಸುತ್ತ ಹಸಿ ಹುಲ್ಲು ಇರುವಂತೆ ನೋಡಿಕೊಳ್ಳುತ್ತಾರೆ. ಒಲೆ ಉರಿಯುವಾಗ ಯಾರಾದರೂ ಪಕ್ಕದಲ್ಲಿ ಇರಲೇಬೇಕು.

ತೊತೊರಾ ಊಟವೂ ಹೌದು. ಬುಡದ ಬಿಳಿ ಭಾಗವನ್ನು ಬಾಳೆಹಣ್ಣಿನ ಹಾಗೆ ಸುಲಿದು ತಿನ್ನುತ್ತಾರೆ. ಮಕ್ಕಳಿಗೆ ಅದು ಇಷ್ಟದ ತಿಂಡಿ. ನಮ್ಮಲ್ಲಿ ಎಳೆ ಬಾಳೆದಿಂಡನ್ನು ಕಚ್ಚಿ ತಿಂದವರಿಗೆ ಅಂದಾಜು ಸಿಗಬಹುದು. ಅದರ ಹೂವಿನಿಂದ ಕಷಾಯ ಮಾಡುತ್ತಾರೆ. ಮೈಕೈ ನೋವಿದ್ದರೆ ತಂಪಾದ ಕಾಂಡವನ್ನು ಸೀಳಿ ಸುತ್ತಿಕೊಳ್ಳುತ್ತಾರೆ. ಉಳಿದಂತೆ ಸರೋವರದ ಮೀನು, ನೀರುಹಕ್ಕಿಗಳ ಮೊಟ್ಟೆ. ಆಲೂಗಡ್ಡೆ, ಧಾನ್ಯಗಳನ್ನು ದಡದ ಸಂತೆಯಿಂದ ತರುತ್ತಾರೆ. ಇಲಿಗಳು ಹುಲ್ಲಿನೊಳಗೆ ಬಿಲ ಮಾಡಬಾರದೆಂದು ಬೆಕ್ಕು ಸಾಕುತ್ತಾರೆ. ಶೌಚಕ್ಕೆ ಮನೆಗಳಿಂದ ದೂರದಲ್ಲಿ ಬೇರೆಯೇ ಪುಟ್ಟ ದ್ವೀಪ.

ದೋಣಿಯೂ ತೊತೊರಾದ್ದೇ. ಹುಲ್ಲಿನ ಕಂತೆಗಳನ್ನು ಬಿಗಿಯಾಗಿ ಸುತ್ತಿ, ಎರಡು ತುದಿ ಮೇಲಕ್ಕೆ ಬಾಗಿಸಿ ಕಟ್ಟುತ್ತಾರೆ. ಈ ಸರೋವರದ ಜನರ ಕೈಚಳಕಕ್ಕೆ ದೊಡ್ಡ ಪರೀಕ್ಷೆಯೂ ಒಮ್ಮೆ ನಡೆಯಿತು. ಹಳೆಯ ಕಾಲದ ಜನ ಹುಲ್ಲಿನ ದೋಣಿಯಲ್ಲಿ ಮಹಾಸಾಗರ ದಾಟಿರಬಹುದೇ ಎಂದು ನೋಡಲು ನಾರ್ವೆಯ ಸಾಹಸಿ ಥಾರ್ ಹೆಯರ್ಡಾಲ್ 1969ರಲ್ಲಿ ‘ರಾ’ ಎಂಬ ಹುಲ್ಲಿನ ನೌಕೆಯಲ್ಲಿ ಹೊರಟ. ಅದು ದಾರಿಯಲ್ಲೇ ಬಿಚ್ಚಿಕೊಂಡಿತು. ಮರುವರ್ಷ ಆತ ಟಿಟಿಕಾಕಾದ ಬೊಲಿವಿಯಾ ಕಡೆಯಿಂದ ಐಮಾರಾ ಸಮುದಾಯದ ದೋಣಿಗಾರರನ್ನು ಕರೆಸಿ ‘ರಾ-2’ ಕಟ್ಟಿಸಿದ. ಅದು ಆಫ್ರಿಕಾದ ಮೊರಾಕ್ಕೊದಿಂದ ಹೊರಟು, 57 ದಿನಗಳಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಬಾರ್ಬಡೋಸ್ ದ್ವೀಪ ಮುಟ್ಟಿತು!

ಶಾಲೆಗೆ ದೋಣಿ, ಮನೆಗೆ ಸೌರದೀಪ

ಹುಲ್ಲಿನ ಊರಿಗೆ ವಿದ್ಯುತ್ ಬಂದದ್ದು 1990ರ ದಶಕದಲ್ಲಿ. ಸೀಮೆಎಣ್ಣೆ ದೀಪ, ಮೇಣದ ಬತ್ತಿಯಿಂದ ಬೆಂಕಿ ಬೀಳುವ ಭಯವಿತ್ತು. ಸೌರಫಲಕಗಳು ಬಂದ ಮೇಲೆ ಆ ಭಯ ಕಡಿಮೆಯಾಯಿತು. ಈಗ ಬಲ್ಬು, ಮೊಬೈಲು, ಟೀವಿ ಎಲ್ಲ ಇವೆ. ಒಂದು ದ್ವೀಪದಲ್ಲಿ ಅವರದೇ ರೇಡಿಯೊ ಕೇಂದ್ರವೂ ಇದೆ.

ಚಿಕ್ಕ ಮಕ್ಕಳಿಗೆ ದ್ವೀಪದಲ್ಲೇ ಶಾಲೆ. ಅಲ್ಲಿಗೆ ಹೋಗುವುದೂ ದೋಣಿಯಲ್ಲೇ. ದೊಡ್ಡ ತರಗತಿಗೆ ಪುನೋ ಪಟ್ಟಣಕ್ಕೆ ಹೋಗಬೇಕು. ಹಿರಿಯರ ಸಂಪಾದನೆ ಈಗ ಹೆಚ್ಚಾಗಿ ಪ್ರವಾಸಿಗರಿಂದ. ಹೆಂಗಸರು ಕಸೂತಿ ಬಟ್ಟೆ ಮಾರುತ್ತಾರೆ, ಗಂಡಸರು ಹುಲ್ಲಿನ ದೋಣಿಯಲ್ಲಿ ಸುತ್ತಾಡಿಸುತ್ತಾರೆ, ಪುಟ್ಟ ಹುಲ್ಲಿನ ಗೊಂಬೆಗಳನ್ನು ಮಾಡುತ್ತಾರೆ.

ನಮ್ಮ ದೇಶದಲ್ಲೂ ಇವರ ದೂರದ ಬಂಧುಗಳಿದ್ದಾರೆ ಎನ್ನಬಹುದು. ಮಣಿಪುರದ ಲೋಕ್‌ತಾಕ್ ಸರೋವರದಲ್ಲಿ ಗಿಡ, ಬೇರು, ಮಣ್ಣು ಸೇರಿ ಹುಟ್ಟಿದ ‘ಫುಮ್ದಿ’ ಎಂಬ ತೇಲುವ ಹಾಸುಗಳಿವೆ. ಮೀನುಗಾರರು ಅವುಗಳ ಮೇಲೆ ಗುಡಿಸಲು ಕಟ್ಟಿಕೊಳ್ಳುತ್ತಾರೆ. ಫುಮ್ದಿಯನ್ನು ಬಳೆಯಂತೆ ದುಂಡಗೆ ಜೋಡಿಸಿ ನಡುವೆ ಮೀನು ಹಿಡಿಯುತ್ತಾರೆ. ಸಂಗಾಯಿ ಎಂಬ ಅಪರೂಪದ ಜಿಂಕೆ ಓಡಾಡುವುದೂ ಇಂಥ ತೇಲುವ ನೆಲದ ಮೇಲೆಯೇ.

ಕಾಂಕ್ರೀಟ್ ದ್ವೀಪದ ಕಥೆ

ಹುಲ್ಲು ಕೊಳೆಯುತ್ತದೆ, ಸರಿ. ಕಲ್ಲು-ಮರಳಿನಿಂದ ದ್ವೀಪ ಕಟ್ಟಿದರೆ ಈ ತಾಪತ್ರಯ ಇರುವುದಿಲ್ಲ ಎಂದು ನಿಮಗೆ ಅನ್ನಿಸಿರಬಹುದು. ಹಾಗಾದರೆ ಜಪಾನಿಗೆ ಹೋಗೋಣ.

ಒಸಾಕಾ ನಗರದ ಹಳೆಯ ವಿಮಾನ ನಿಲ್ದಾಣ ಮನೆಗಳ ನಡುವೆ ಇತ್ತು. ಗದ್ದಲದಿಂದ ಜನ ಬೇಸತ್ತಿದ್ದರು. ಅದಕ್ಕೆ ಹೊಸ ನಿಲ್ದಾಣವನ್ನು ದಡದಿಂದ ಸುಮಾರು 5 ಕಿಲೋಮೀಟರ್ ದೂರ, ಕೊಲ್ಲಿಯ ನೀರಿನಲ್ಲೇ ಕಟ್ಟಲು ನಿರ್ಧರಿಸಿದರು. ಅದೇ ಕನ್ಸಾಯ್ ನಿಲ್ದಾಣ. ಅಲ್ಲಿ ನೀರಿನ ಆಳ ಸುಮಾರು 18 ಮೀಟರ್. ತಳದಲ್ಲಿ ಮೆತ್ತನೆಯ ಜೇಡಿಮಣ್ಣು. ಮಣ್ಣಿನೊಳಗಿನ ನೀರು ಬೇಗ ಹೊರಬರಲಿ ಎಂದು ಅದರಲ್ಲಿ ಲಕ್ಷಾಂತರ ಕೊಳವೆಯಂಥ ರಂಧ್ರ ಕೊರೆದು ಮರಳು ತುಂಬಿದರು. ಸುತ್ತಲೂ ಕಲ್ಲು, ಕಾಂಕ್ರೀಟಿನ ಗೋಡೆ ಎಬ್ಬಿಸಿದರು. ಗುಡ್ಡಗಳನ್ನು ಅಗೆದು, ಹಡಗುಗಳಲ್ಲಿ ಮಣ್ಣು-ಕಲ್ಲು ತಂದು ಸುರಿದರು. 1994ರ ಸೆಪ್ಟೆಂಬರ್ 4ರಂದು ನಿಲ್ದಾಣ ಶುರುವಾಯಿತು.

ಆದರೆ ಅಷ್ಟು ಭಾರಕ್ಕೆ ಕೆಳಗಿನ ಜೇಡಿ ಹಿಂಡಿದ ಸ್ಪಂಜಿನಂತೆ ಕುಗ್ಗುತ್ತಲೇ ಹೋಯಿತು. ಕುಗ್ಗುತ್ತದೆಂದು ಎಂಜಿನಿಯರುಗಳಿಗೆ ಗೊತ್ತಿತ್ತು. ಇಷ್ಟೊಂದು ಕುಗ್ಗುವುದೆಂದು ಎಣಿಸಿರಲಿಲ್ಲ. ಕಟ್ಟಲು ಶುರುಮಾಡಿದಾಗಿನಿಂದ ಇಲ್ಲಿಯವರೆಗೆ ಮೊದಲ ದ್ವೀಪ 13 ಮೀಟರಿಗೂ ಹೆಚ್ಚು ಕೆಳಗಿಳಿದಿದೆ. ಅಂದರೆ ನಾಲ್ಕು ಅಂತಸ್ತಿನ ಮನೆಯಷ್ಟು! ಎಲ್ಲ ಕಡೆ ಒಂದೇ ಸಮ ಇಳಿಯುವುದೂ ಇಲ್ಲ. ಅದಕ್ಕೇ ಕಟ್ಟಡದ ನೂರಾರು ಕಂಬಗಳ ಬುಡದಲ್ಲಿ ಜಾಕ್ ಇಡುವ ವ್ಯವಸ್ಥೆ ಮಾಡಿದ್ದಾರೆ. ಲಾರಿಯ ಚಕ್ರ ಬದಲಿಸಲು ಜಾಕ್ ಕೊಟ್ಟು ಎತ್ತುತ್ತಾರಲ್ಲ, ಹಾಗೆ ಕಂಬವನ್ನು ಎತ್ತಿ ಕೆಳಗೆ ಲೋಹದ ಹಲಗೆ ತುರುಕುತ್ತಾರೆ. ಉರೋಸ್ ಜನ ಮನೆ ಎತ್ತಿ ಹುಲ್ಲು ತುಂಬಿದ ಹಾಗೆಯೇ!

2018ರಲ್ಲಿ, ಅದೇ ಸೆಪ್ಟೆಂಬರ್ 4ರಂದು, ಜೆಬಿ ಎಂಬ ಚಂಡಮಾರುತ ಬಂತು. ಸಮುದ್ರದ ನೀರು ಗೋಡೆ ಹಾರಿ ರನ್‌ವೇಗೆ ನುಗ್ಗಿತು. ಗಾಳಿಗೆ ಸಿಕ್ಕ ಹಡಗೊಂದು ದಡಕ್ಕೆ ಹೋಗುವ ಸೇತುವೆಗೆ ಬಡಿಯಿತು. ಸಾವಿರಾರು ಪ್ರಯಾಣಿಕರು ದ್ವೀಪದಲ್ಲೇ ಸಿಕ್ಕಿಹಾಕಿಕೊಂಡರು. ಆಮೇಲೆ ಗೋಡೆಗಳನ್ನು ಇನ್ನಷ್ಟು ಎತ್ತರಿಸಿದರು.

ಹುಲ್ಲಿನದಾಗಲಿ, ಕಾಂಕ್ರೀಟಿನದಾಗಲಿ, ಮನುಷ್ಯ ಮಾಡಿದ ದ್ವೀಪವನ್ನು ಒಮ್ಮೆ ಕಟ್ಟಿ ಮರೆಯುವಂತಿಲ್ಲ. ಅಲ್ಲಿ ಇರುವಷ್ಟು ದಿನವೂ ಕಟ್ಟುತ್ತಲೇ ಇರಬೇಕು.

ಹಾಸುವವರು ಉಳಿದರೆ ದ್ವೀಪ

ಟಿಟಿಕಾಕಾದ ಉರೋಸ್ ಜನರಿಗೆ ಈಗ ಚಿಂತೆ ಕಾಡುತ್ತಿರುವುದೂ ಇಲ್ಲೇ. ಹುಲ್ಲು ಹಾಸಲು ಮೊದಲು ಹುಲ್ಲು ಬೇಕು. ತೊತೊರಾವನ್ನು ಉಳಿಸಲೆಂದು ಪೆರು ಸರ್ಕಾರ 1978ರಲ್ಲಿ ಟಿಟಿಕಾಕಾ ರಾಷ್ಟ್ರೀಯ ಮೀಸಲು ಪ್ರದೇಶವನ್ನು ಘೋಷಿಸಿತು. ಆದರೆ ಮಳೆ ಕೈಕೊಟ್ಟರೆ ಮೀಸಲು ಪ್ರದೇಶವೂ ಒಣಗುತ್ತದೆ. 2023ರ ಬರಗಾಲದಲ್ಲಿ ಸರೋವರದ ಮಟ್ಟ ಬಹಳ ಕೆಳಗಿಳಿಯಿತು. ನೀರು ಹಿಂದೆ ಸರಿದ ಕಡೆ ಜೊಂಡು ಒಣಗಿ ಹಳದಿಯಾಯಿತು. ಪುನೋ ಪಟ್ಟಣದ ಕೊಳಚೆ ಸೇರಿ ದಡದ ಬಳಿಯ ನೀರು ಕೆಟ್ಟಿರುವುದು ಇನ್ನೊಂದು ಕಷ್ಟ. ಮೊದಲು ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದ ನೀರನ್ನು ಈಗ ಹಾಗೆ ಕುಡಿಯುವಂತಿಲ್ಲ.

ಹುಲ್ಲು ಇದ್ದರೂ ಹಾಸುವ ಕೈಗಳು ಬೇಕು. ಓದಲು ಪಟ್ಟಣಕ್ಕೆ ಹೋದ ಮಕ್ಕಳಲ್ಲಿ ಅನೇಕರು ಅಲ್ಲೇ ಕೆಲಸ ಹಿಡಿಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಚಳಿ, ತೇವದಲ್ಲಿ ಬದುಕಿ ವಯಸ್ಸಾದವರಿಗೆ ಕೀಲುನೋವು ತಪ್ಪಿದ್ದಲ್ಲ. ಮೊಮ್ಮಕ್ಕಳಿಗೂ ಅದೇ ಬದುಕು ಬೇಕೆಂದು ಯಾರು ತಾನೇ ಒತ್ತಾಯ ಮಾಡುತ್ತಾರೆ?

ಆದರೆ ಕೈಬಿಟ್ಟರೆ ಹೋಗುವುದು ಎಷ್ಟು ಬೇಗ ಎಂಬುದಕ್ಕೆ ಇವರ ಬಳಿಯೇ ಒಂದು ಉದಾಹರಣೆಯಿದೆ. ಉರೋಸ್ ಜನರಿಗೆ ತಮ್ಮದೇ ಭಾಷೆಯೊಂದಿತ್ತು. ಸುತ್ತಲಿನ ಐಮಾರಾ ಜನರೊಂದಿಗೆ ಬೆರೆಯುತ್ತ, ವ್ಯಾಪಾರ ಮಾಡುತ್ತ, ಮದುವೆಯಾಗುತ್ತ ಅವರು ಐಮಾರಾ ಮಾತನಾಡತೊಡಗಿದರು. ಆಮೇಲೆ ಸ್ಪ್ಯಾನಿಷ್ ಬಂತು. ತಮ್ಮ ಭಾಷೆ ಇವರ ಬಾಯಿಂದ ಮರೆಯಾಯಿತು. ಹಬ್ಬದ ಉಡುಪು ಉಳಿಯಿತು, ದೋಣಿ ಉಳಿಯಿತು, ದ್ವೀಪ ಉಳಿಯಿತು, ಮಾತು ಉಳಿಯಲಿಲ್ಲ.

ದ್ವೀಪ ಕಟ್ಟುವ ವಿದ್ಯೆಗೆ ಪಠ್ಯಪುಸ್ತಕವಿಲ್ಲ. ಯಾವ ಖಿಲಿ ಗಟ್ಟಿ, ಹಗ್ಗ ಎಷ್ಟು ಸಡಿಲ ಬಿಡಬೇಕು, ಕಾಲ ಕೆಳಗಿನ ಹುಲ್ಲು ಯಾವಾಗ ಹೊಸದು ಕೇಳುತ್ತಿದೆ ಎಂಬುದನ್ನು ಅಜ್ಜನ ಜೊತೆ ಕಂತೆ ಹೊತ್ತ ಮಗು ಮಾತ್ರ ಕಲಿಯುತ್ತದೆ. ರಜೆಯಲ್ಲಿ ಪುನೋದಿಂದ ಮನೆಗೆ ಬಂದ ಹುಡುಗ-ಹುಡುಗಿಯರಿಗೂ ಹುಲ್ಲು ಹಾಸುವ ಕೆಲಸದಿಂದ ರಜೆಯಿಲ್ಲ. ಆ ಒಂದು ದಿನದ ಕೆಲಸ ದ್ವೀಪವನ್ನು ಇನ್ನೊಂದಿಷ್ಟು ವಾರ ತೇಲಿಸುತ್ತದೆ.

ಮಕ್ಕಳೇ, ಮುಂದಿನ ಸಲ ಊರ ಕೆರೆಯ ಕಡೆ ಹೋದಾಗ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಂಚಿನಲ್ಲಿ ಕೆಸರಿರುತ್ತದೆ, ನೀವೇ ಇಳಿಯಬೇಡಿ. ಒಂದು ಜೊಂಡಿನ ಕಡ್ಡಿ ಕಿತ್ತುಕೊಡಲು ಹೇಳಿ, ಅಡ್ಡಕ್ಕೆ ಮುರಿದು ಬೆಳಕಿಗೆ ಹಿಡಿದು ನೋಡಿ. ಒಳಗಿನ ಗಾಳಿಗೂಡುಗಳು ಕಾಣುತ್ತವೆ. ಬಕೆಟ್ ನೀರಿನಲ್ಲಿ ಕಡ್ಡಿಗಳನ್ನು ಅಡ್ಡ-ಉದ್ದ ಜೋಡಿಸಿ, ಮೇಲೆ ಒಂದೊಂದೇ ಬೆಣಚುಕಲ್ಲು ಇಡುತ್ತ ಹೋಗಿ. ಎಷ್ಟು ಕಲ್ಲು ಹೊತ್ತಿತು ಎಂದು ಎಣಿಸಿ. ಒಂದು ವಾರ ಬಿಟ್ಟು ಅದೇ ಹುಲ್ಲಿನ ಮೇಲೆ ಮತ್ತೆ ಎಣಿಸಿ. ಲೆಕ್ಕ ಬದಲಾಗಿದ್ದರೆ, ಹೊಸ ಕಡ್ಡಿ ಹಾಸಿ ನೋಡಿ.

ಅಷ್ಟರಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ: ನಿಮ್ಮ ಕಾಲದಲ್ಲಿ ಮಾಡಿಗೆ ಹುಲ್ಲು ಹೊದಿಸುತ್ತಿದ್ದದ್ದು ಹೇಗೆ, ಕಟ್ಟುತ್ತಿದ್ದ ಗಂಟು ಯಾವುದು ಎಂದು. ಬಾಯಲ್ಲಿ ಹೇಳಿದರೆ ಸಾಲದು, ಹಗ್ಗ ಕೊಟ್ಟು ಕಟ್ಟಿ ತೋರಿಸಲು ಹೇಳಿ.